ಕಲಬುರಗಿಯ ಮನೆಗೊಂದು ಡಿಜಿಟಲ್ ರೇಡಿಯೊ: ಆರಿಸುವುದು, ಹೊಂದಿಸುವುದು, ಕಾಪಾಡುವುದು

ಹೊಸ ರೇಡಿಯೊ ತಂದು ವಾರ ಕಳೆಯುವುದರೊಳಗೆ ‘ಇದರಾಗ ಏನೂ ಹಿಡಿಯಂಗಿಲ್ಲ’ ಅಂತ ಅಲಮಾರಿ ಮೇಲೆ ಹಾಕಿದವರು ನಮ್ಮ ಕಡೆ ಬಹಳ ಮಂದಿ. ಸೆಟ್ಟು ನಿಜವಾಗಿ ಕೆಟ್ಟಿರುವುದು ಅಪರೂಪ. ಟ್ಯೂನಿಂಗ್ ಹೆಜ್ಜೆ (ಬಟನ್ ಒತ್ತಿದಾಗಲೆಲ್ಲ ಪರದೆಯ ಅಂಕಿ ಎಷ್ಟು ಹಾರುತ್ತದೆ ಅನ್ನುವುದು) ತಪ್ಪಿರುತ್ತದೆ, ಇಲ್ಲವೇ ರೇಡಿಯೊ ಎಲ್‌ಇಡಿ ಬಲ್ಬಿನ ಪಕ್ಕದಲ್ಲೇ ಕೂತಿರುತ್ತದೆ, ಇಲ್ಲವೇ ಅದರ ಮುಖ ಬೇರೆ ದಿಕ್ಕಿಗಿರುತ್ತದೆ. ಈ ಮೂರನ್ನೂ ಸರಿಪಡಿಸಲು ಒಂದು ಪೈಸೆ ಖರ್ಚಿಲ್ಲ. ಆದರೆ ಕೊಳ್ಳುವಾಗಲೇ ಎಡವಿದರೆ ಆಮೇಲೆ ಮಾಡುವುದಕ್ಕೆ ಏನೂ ಉಳಿಯುವುದಿಲ್ಲ. ಹಾಗಾಗಿ ಅಂಗಡಿಯಿಂದಲೇ ಶುರು ಮಾಡೋಣ.

1. ಡಬ್ಬಿ ಮೇಲೆ ‘ಡಿಜಿಟಲ್’ ಅಂತ ಇದೆ. ಯಾವ ಡಿಜಿಟಲ್?

ಮೂರು ಬೇರೆ ಬೇರೆ ಸಾಮಾನುಗಳು ಇದೇ ಹೆಸರಿನಲ್ಲಿ ಮಾರಾಟವಾಗುತ್ತವೆ.

ಒಂದು, ಡಿಎಬಿ, ಅಂದರೆ ಡಿಜಿಟಲ್ ಆಡಿಯೊ ಬ್ರಾಡ್‌ಕಾಸ್ಟಿಂಗ್ ರೇಡಿಯೊ. ಬ್ರಿಟನ್, ಜರ್ಮನಿ ಕಡೆ ಇದು ಮನೆಮನೆಯಲ್ಲೂ ಇದೆ. ನಾರ್ವೆಯಂತೂ 2017ರಲ್ಲಿ ತನ್ನ ರಾಷ್ಟ್ರೀಯ ವಾಹಿನಿಗಳನ್ನು ಎಫ್‌ಎಂನಿಂದ ತೆಗೆದು ಡಿಎಬಿಗೆ ಸಾಗಿಸಿತು. ನಮ್ಮ ದೇಶದಲ್ಲಿ ಈ ಪದ್ಧತಿಯ ಪ್ರಸಾರ ಇಲ್ಲ. ವಿದೇಶದಲ್ಲಿರುವ ಅಳಿಯ ಪ್ರೀತಿಯಿಂದ ತಂದುಕೊಟ್ಟ ದುಬಾರಿ ಡಿಎಬಿ ಸೆಟ್ಟು ಇಲ್ಲಿ ಬರೀ ಎಫ್‌ಎಂ ರೇಡಿಯೊ. ಬಹಳಷ್ಟರಲ್ಲಿ ಮೀಡಿಯಂ ವೇವ್ ಇರುವುದೇ ಇಲ್ಲ. ಬಂದಿದ್ದನ್ನು ಬೇಡ ಅನ್ನಬೇಡಿ, ಆದರೆ ನೀವಾಗಿ ದುಡ್ಡು ಕೊಟ್ಟು ತರಿಸಬೇಡಿ.

ಎರಡು, ಡಿಆರ್‌ಎಂ, ಅಂದರೆ ಡಿಜಿಟಲ್ ರೇಡಿಯೊ ಮೊಂಡಿಯಾಲ್ ರೇಡಿಯೊ. ಆಕಾಶವಾಣಿ ಆರಿಸಿಕೊಂಡ ಡಿಜಿಟಲ್ ಪದ್ಧತಿ ಇದೇ. ಧಾರವಾಡದ 765, ಹೈದರಾಬಾದಿನ 738, ಬೆಂಗಳೂರಿನ 612 ಕಿಲೋಹರ್ಟ್ಸ್ ಮೂರೂ 200 ಕಿಲೋವ್ಯಾಟಿನ ದೊಡ್ಡ ಟ್ರಾನ್ಸ್‌ಮಿಟರ್‌ಗಳು. ಡಿಆರ್‌ಎಂ ವ್ಯವಸ್ಥೆಯನ್ನೂ ಹಾಕಿಸಿಕೊಂಡವು. ಹಳೆಯ ಪ್ರಸಾರದ ಪಕ್ಕದ ಜಾಗದಲ್ಲೇ ಡಿಜಿಟಲ್ ಪ್ರಸಾರವನ್ನೂ ಕಳಿಸಬಹುದು. ಸಿಕ್ಕರೆ ಸದ್ದು ಎಫ್‌ಎಂನಷ್ಟು ಶುದ್ಧ, ಗರಗರ ಅನ್ನುವುದೇ ಇಲ್ಲ. ತೊಂದರೆ ಏನೆಂದರೆ ಡಿಜಿಟಲ್‌ಗೆ ಅರ್ಧಂಬರ್ಧ ಗೊತ್ತಿಲ್ಲ. ಹಳೆಯ ಪದ್ಧತಿಯಲ್ಲಿ ಸಿಗ್ನಲ್ ಸೋತರೆ ಗೊರಗೊರದ ನಡುವೆಯೂ ವಾರ್ತೆ ತಿಳಿಯುತ್ತದೆ. ಡಿಆರ್‌ಎಂನಲ್ಲಿ ಸಿಗ್ನಲ್ ಸೋತರೆ ಮಾತು ತುಂಡು ತುಂಡಾಗಿ, ಮರುಕ್ಷಣ ಪೂರ್ತಿ ಮೌನ. ಧಾರವಾಡ, ಹೈದರಾಬಾದ್ ಎರಡೂ ನಮ್ಮಿಂದ ದೂರ. ಸೆಟ್ಟಿನ ಬೆಲೆಯೂ ಜಾಸ್ತಿ. ಹವ್ಯಾಸಿಗಳಿಗೆ ಸರಿ, ಅಡುಗೆಮನೆಯ ಕಪಾಟಿಗೆ ನಾನು ಇದನ್ನು ಹೇಳುವುದಿಲ್ಲ. ಹೊಸ ಕಾರು ಇದ್ದರೆ ಒಮ್ಮೆ ಅದರ ಸ್ಟೀರಿಯೊ ನೋಡಿ; ಹಲವು ಮಾಡೆಲ್‌ಗಳಲ್ಲಿ ಡಿಆರ್‌ಎಂ ಮೊದಲೇ ಇರುತ್ತದೆ, ಮಾಲೀಕರಿಗೇ ಗೊತ್ತಿರುವುದಿಲ್ಲ.

ಮೂರು, ಅಂಕಿ ತೋರಿಸುವ ಡಿಎಸ್‌ಪಿ ರೇಡಿಯೊ. ಇದು ಹಿಡಿಯುವುದು ಎಂದಿನ ಎಫ್‌ಎಂ, ಮೀಡಿಯಂ ವೇವ್, ಶಾರ್ಟ್ ವೇವ್‌ಗಳನ್ನೇ. ಆದರೆ ಒಳಗೆ ಸಿಗ್ನಲ್ಲನ್ನು ಸೋಸುವ ಕೆಲಸ ಒಂದು ಚಿಪ್ ಮಾಡುತ್ತದೆ. ಮುಳ್ಳಿನ ಬದಲು ಪರದೆ ಇದೆ, ಸ್ಟೇಷನ್ನು ನೆನಪಿಟ್ಟುಕೊಳ್ಳುತ್ತದೆ. ನಮ್ಮ ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲೆಗಳ ಮನೆಬಳಕೆಗೆ ಸದ್ಯಕ್ಕೆ ಇದೇ ಸರಿ. ಮುಂದೆ ಹೇಳುವುದೆಲ್ಲ ಈ ಬಗೆಯ ಸೆಟ್ಟಿನ ಬಗ್ಗೆ.

ಮೊಬೈಲ್ ಇದೆಯಲ್ಲ ಅನ್ನುವಿರಾ? ಪ್ರಸಾರ ಭಾರತಿಯ ನ್ಯೂಸ್ ಆನ್ ಏರ್ ಆ್ಯಪ್‌ನಲ್ಲಿ ಆಕಾಶವಾಣಿ ಕೇಂದ್ರಗಳು ಚೆನ್ನಾಗಿಯೇ ಕೇಳಿಸುತ್ತವೆ. ಡೇಟಾ ಇರಬೇಕು, ನೆಟ್‌ವರ್ಕ್ ಇರಬೇಕು, ಫೋನು ಬೇರೆಯವರ ಕೈಯಲ್ಲಿ ಇರಬಾರದು. ಮೂರನೆಯದೇ ಕಷ್ಟ.

2. ಅಂಗಡಿಯಲ್ಲಿ ನೋಡಬೇಕಾದ್ದು

ಸೂಪರ್ ಮಾರ್ಕೆಟ್ ಕಡೆ ಹೋದರೆ ಯುಎಸ್‌ಬಿ, ಬ್ಲೂಟೂತ್, ಟಾರ್ಚು ಎಲ್ಲ ಒಂದರಲ್ಲೇ ಇರುವ ಅಗ್ಗದ ಸೆಟ್ಟುಗಳನ್ನೇ ಮೊದಲು ಮುಂದಿಡುತ್ತಾರೆ. ಹಾಡು ಕೇಳಲು ಅಡ್ಡಿಯಿಲ್ಲ, ಸದ್ದು ಜೋರು. ಆದರೆ ಅವುಗಳಲ್ಲಿ ಮೀಡಿಯಂ ವೇವ್ ಹೆಸರಿಗಷ್ಟೇ.

ಎಫ್‌ಎಂ ಪಟ್ಟಿ 87.5ರಿಂದ 108 ಮೆಗಾಹರ್ಟ್ಸ್‌ವರೆಗೆ ಇರಬೇಕು. ಜಪಾನಿಗಾಗಿ ಮಾಡಿದ ಹಳೆಯ ಸೆಟ್ಟುಗಳಲ್ಲಿ ಅದು 76ರಿಂದ ಶುರುವಾಗಿ 90ಕ್ಕೇ ಮುಗಿದುಬಿಡುತ್ತದೆ. ನಮ್ಮ ಬಹುಪಾಲು ಸ್ಟೇಷನ್ನುಗಳು ಅದರ ಆಚೆಗಿವೆ. ಅಂಕಿ ಒತ್ತಿ ನೇರ ಸ್ಟೇಷನ್ನಿಗೆ ಹೋಗುವ ಬಟನ್‌ಗಳಿದ್ದರೆ ಬಹಳ ಅನುಕೂಲ. ಸ್ಪೀಕರ್ ದೊಡ್ಡದಿರಲಿ. ಜೇಬಿನಲ್ಲಿ ಹಿಡಿಸುವ ಸೆಟ್ಟು ನೋಡಲು ಚೆಂದ, ಆದರೆ ಮಾತು ಮೂಗಿನಲ್ಲಿ ಆಡಿದ ಹಾಗೆ ಕೇಳುತ್ತದೆ. ಸೆಲ್ಲು ಯಾವುದು ಅಂತಲೂ ನೋಡಿ: ಪೆನ್ಸಿಲ್ ಸೆಲ್ಲು, ಹಳೆಯ ಮೊಬೈಲಿನ ಚಪ್ಪಟೆ ಬಿಎಲ್-5ಸಿ, ಇಲ್ಲವೇ 18650 ಅನ್ನುವ ದುಂಡು ಲಿಥಿಯಂ ಸೆಲ್ಲು. ಮೂರೂ ಇಲ್ಲಿ ಸಿಗುತ್ತವೆ. ಬಿಚ್ಚಲು ಬಾರದ ಬ್ಯಾಟರಿಯ ಸೆಟ್ಟು ಬೇಡ.

ಮೀಡಿಯಂ ವೇವ್ ಹೆಜ್ಜೆಯನ್ನು 9ಕ್ಕೆ ಬದಲಿಸಲು ಬರುತ್ತದೆಯೇ ಅಂತ ಕೇಳಿ. ಎಲ್ಲಕ್ಕಿಂತ ಮುಖ್ಯ ಪ್ರಶ್ನೆ ಇದು. ಅಂಗಡಿಯವರಿಗೆ ಗೊತ್ತಿಲ್ಲದಿದ್ದರೆ ಡಬ್ಬಿಯಲ್ಲಿರುವ ಪುಸ್ತಕ ತೆಗೆದು ನೀವೇ ನೋಡಿ.

ಇನ್ನೊಂದು ಮಾತು. ಅಂಗಡಿಯ ಒಳಗೆ ಮೀಡಿಯಂ ವೇವ್ ಪರೀಕ್ಷೆ ಮಾಡಬೇಡಿ. ಮೇಲೆ ಸಾಲು ಸಾಲು ಎಲ್‌ಇಡಿ, ಸುತ್ತ ಟಿವಿ, ಕೆಳಗೆ ಇನ್ವರ್ಟರ್. ಎಂಥ ಸೆಟ್ಟಾದರೂ ಬುರ್ರ್ ಅನ್ನುತ್ತದೆ. ಸೆಲ್ಲು ಹಾಕಿಸಿಕೊಂಡು ಹೊರಗೆ ಬನ್ನಿ, ರಸ್ತೆ ಬದಿಯಲ್ಲಿ ನಿಂತು ಕಲಬುರಗಿ ಆಕಾಶವಾಣಿಯ 1107 ಹಚ್ಚಿ ನೋಡಿ.

3. ಮನೆಗೆ ತಂದ ಮೊದಲ ಗಂಟೆ

ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ, ಗಡಿಯಾರ ಹೊಂದಿಸಿ. ಹೆಚ್ಚಿನವು 24 ಗಂಟೆಯ ಲೆಕ್ಕ ತೋರಿಸುತ್ತವೆ, ಸಂಜೆ ಆರಕ್ಕೆ 18:00. ಆಮೇಲೆ ಹೆಜ್ಜೆಯ ಕೆಲಸ.

ಅಮೆರಿಕದಲ್ಲಿ ಮೀಡಿಯಂ ವೇವ್ ಸ್ಟೇಷನ್ನುಗಳ ನಡುವೆ 10 ಕಿಲೋಹರ್ಟ್ಸ್ ಅಂತರ. ನಮ್ಮಲ್ಲಿ 9. ಹೊರದೇಶಕ್ಕೆ ಮಾಡಿದ ಸೆಟ್ಟು 10ರ ಹೆಜ್ಜೆಯಲ್ಲೇ ಬಂದಿದ್ದರೆ ಅದು 1100ಕ್ಕೆ ನಿಲ್ಲುತ್ತದೆ, ಅಲ್ಲಿಂದ 1110ಕ್ಕೆ ಹಾರುತ್ತದೆ. ಕಲಬುರಗಿಯ 1107 ನಡುವೆ ಬಿದ್ದುಹೋಗುತ್ತದೆ. 1110ರಲ್ಲಿ ಏನೋ ಕೇಳಿದ ಹಾಗಾಗುತ್ತದೆ, ಆದರೆ ಮಾತು ಒಡಕು ಒಡಕು. ‘ರೇಡಿಯೊ ಸರಿಯಿಲ್ಲ’ ಅನ್ನುವ ದೂರು ಹುಟ್ಟುವುದು ಬಹುತೇಕ ಇಲ್ಲಿಯೇ.

ಸರಿಯಾಗಿದೆಯೋ ಇಲ್ಲವೋ ಅಂತ ತಿಳಿಯಲು ಒಂದು ಸುಲಭದ ಲೆಕ್ಕ ಇದೆ. ನಮ್ಮ ಮೀಡಿಯಂ ವೇವ್ ಸ್ಟೇಷನ್ನುಗಳ ಅಂಕಿ ಎಲ್ಲವೂ 9ರಿಂದ ಭಾಗವಾಗುತ್ತವೆ. ಹಾಗಾಗಿ ಬಿಡಿ ಅಂಕಿಗಳನ್ನು ಕೂಡಿದರೆ 9 ಅಥವಾ 18 ಬರಲೇಬೇಕು; 999 ಒಂದಕ್ಕೆ ಮಾತ್ರ 27. 1107: ಒಂದು, ಒಂದು, ಸೊನ್ನೆ, ಏಳು, ಒಟ್ಟು ಒಂಬತ್ತು. 765: ಹದಿನೆಂಟು. 738: ಹದಿನೆಂಟು. 612: ಒಂಬತ್ತು. ಪಟ್ಟಿ 531ರಿಂದ 1602ರವರೆಗೆ ಇದೇ ಲೆಕ್ಕದಲ್ಲಿ ಹೋಗುತ್ತದೆ. ಪರದೆಯಲ್ಲಿ 1110, 770, 610 ಅಂತೆಲ್ಲ ಕಂಡರೆ ಹೆಜ್ಜೆ ತಪ್ಪಿದೆ ಅಂತ ತಿಳಿಯಿರಿ.

ಬದಲಿಸುವ ವಿಧಾನ ಮಾಡೆಲ್ಲಿನ ಮೇಲೆ ನಿಂತಿದೆ. ಕೆಲವದರಲ್ಲಿ ಸೆಟ್ಟು ಆಫ್ ಮಾಡಿ ಒಂದು ಅಂಕಿಯ ಬಟನ್ನನ್ನು ಒತ್ತಿ ಹಿಡಿಯಬೇಕು, ಕೆಲವದರ ಬೆನ್ನಿಗೆ ಚಿಕ್ಕ ಸ್ವಿಚ್ಚು ಇರುತ್ತದೆ. ಹೆಜ್ಜೆ ಬದಲಿಸಿದರೆ ಉಳಿಸಿಟ್ಟ ಮೀಡಿಯಂ ವೇವ್ ಸ್ಟೇಷನ್ನುಗಳು ಅಳಿಸಿಹೋಗಬಹುದು. ಅದಕ್ಕೇ ಇದನ್ನು ಮೊದಲು ಮಾಡುವುದು.

4. ಸ್ಟೇಷನ್ನು ಹುಡುಕುವುದು

ಎಫ್‌ಎಂ ಸುಲಭ. ಆಂಟೆನಾ ಪೂರ್ತಿ ಎಳೆದು ಮಾಳಿಗೆಗೆ ಹೋಗಿ, ಎಟಿಎಸ್ ಬಟನ್ ಒತ್ತಿ ಹಿಡಿಯಿರಿ. ಸೆಟ್ಟು ತಾನೇ ಹುಡುಕಿ ಒಂದೊಂದಾಗಿ ಕೂಡಿಸಿಕೊಳ್ಳುತ್ತದೆ. ಎಫ್‌ಎಂ ಹೆಚ್ಚುಕಡಿಮೆ ಕಣ್ಣಿನ ನೋಟದ ಹಾಗೆ ನೇರ ಸಾಗುತ್ತದೆ, ಅದಕ್ಕೇ ಎತ್ತರ ಬೇಕು. ಶರಣಬಸವೇಶ್ವರ ಸಂಸ್ಥೆಯ ಸಮುದಾಯ ರೇಡಿಯೊ ‘ಅಂತರವಾಣಿ’ 90.8ರಲ್ಲಿದೆ. ಸಮುದಾಯ ರೇಡಿಯೊಗಳಿಗೆ ಸರ್ಕಾರ ಕೊಡುವ ಶಕ್ತಿ 100 ವ್ಯಾಟ್ ಮಾತ್ರ. ನಗರದೊಳಗೆ ಸೊಗಸಾಗಿ ಕೇಳುತ್ತದೆ, ಆಳಂದ, ಸೇಡಂ ಕಡೆ ಹೋದರೆ ಸಿಗಲಿಲ್ಲ ಅಂತ ಬೇಜಾರಾಗಬೇಡಿ.

ಎಟಿಎಸ್ ಒತ್ತಿದ ಪ್ರತಿಸಲವೂ ಹಳೆಯ ಪಟ್ಟಿ ಅಳಿದು ಹೊಸದು ಬರುತ್ತದೆ. ಮಕ್ಕಳ ಕೈಗೆ ಸಿಕ್ಕರೆ ದಿನಕ್ಕೊಂದು ಪಟ್ಟಿ.

ಮೀಡಿಯಂ ವೇವನ್ನು ಮಾತ್ರ ಎಟಿಎಸ್‌ಗೆ ಒಪ್ಪಿಸಬೇಡಿ. ಮನೆಯ ಗೊರಗೊರವನ್ನೂ ಅದು ಸ್ಟೇಷನ್ನು ಅಂದುಕೊಂಡು ಉಳಿಸಿಬಿಡುತ್ತದೆ. ಅಂಕಿ ಒತ್ತಿ ನೀವೇ ಹೋಗಿ. ಮೊದಲು 1107. ಕಲಬುರಗಿ ಆಕಾಶವಾಣಿ 1966ರಲ್ಲಿ ಶುರುವಾಯಿತು; ತೊಗರಿ ಹೊಲದ ಮಾತಿನಿಂದ ವಚನ ಗಾಯನದವರೆಗೆ ಈ ಭಾಗದ ಕನ್ನಡ ಬಾನಲ್ಲಿ ಕೇಳಿದ್ದು ಅಲ್ಲಿಂದಲೇ. ಆಕಾಶವಾಣಿ ಈಚಿನ ವರ್ಷಗಳಲ್ಲಿ ಹಲವೆಡೆ ಹಳೆಯ ಮೀಡಿಯಂ ವೇವ್ ಟ್ರಾನ್ಸ್‌ಮಿಟರ್‌ಗಳನ್ನು ನಿಲ್ಲಿಸಿ ಎಫ್‌ಎಂ ಕಡೆ ಸಾಗುತ್ತಿದೆ. ಆದ್ದರಿಂದ ಯಾವುದೋ ಒಂದು ಅಂಕಿಯಲ್ಲಿ ಸದ್ದಿಲ್ಲ ಅಂದಮಾತ್ರಕ್ಕೆ ಸೆಟ್ಟನ್ನು ಬೈಯಬೇಡಿ. 738, 765ರಲ್ಲೂ ನೋಡಿ, ಎಫ್‌ಎಂನಲ್ಲೂ ನೋಡಿ, ಆಮೇಲೆ ತೀರ್ಮಾನ ಮಾಡಿ.

ಈಗ ದಿಕ್ಕಿನ ವಿಷಯ. ಮೇಲೆ ಎಳೆಯುವ ಉದ್ದನೆಯ ಕಡ್ಡಿ ಎಫ್‌ಎಂಗೂ ಶಾರ್ಟ್ ವೇವ್‌ಗೂ ಮಾತ್ರ. ಮೀಡಿಯಂ ವೇವ್‌ಗೆ ಅದನ್ನು ಎಷ್ಟೆತ್ತರ ಎಳೆದರೂ ಅಷ್ಟೇ. ಅದರ ಆಂಟೆನಾ ಸೆಟ್ಟಿನ ಒಳಗಿದೆ: ಸುತ್ತ ತಾಮ್ರದ ತಂತಿ ಸುತ್ತಿದ, ಬೂದುಗಪ್ಪು ಬಣ್ಣದ ಫೆರೈಟ್ ಕಡ್ಡಿ. ಸಾಮಾನ್ಯವಾಗಿ ರೇಡಿಯೊದ ಮೇಲ್ಭಾಗದಲ್ಲಿ ಎಡದಿಂದ ಬಲಕ್ಕೆ ಮಲಗಿರುತ್ತದೆ. ಈ ಕಡ್ಡಿ ತನ್ನ ಅಗಲದ ಕಡೆಯಿಂದ ಬರುವುದನ್ನು ಚೆನ್ನಾಗಿ ಹಿಡಿಯುತ್ತದೆ, ತುದಿಯ ಕಡೆಯಿಂದ ಬರುವುದನ್ನು ಬಿಟ್ಟುಬಿಡುತ್ತದೆ. ಅಂದರೆ ರೇಡಿಯೊದ ಮುಖವೋ ಬೆನ್ನೋ ಸ್ಟೇಷನ್ನಿನ ಕಡೆ ಇರಬೇಕು.

ಕಲಬುರಗಿಯಲ್ಲಿ ಕೂತವರಿಗೆ ಹೈದರಾಬಾದ್ ನೇರ ಪೂರ್ವಕ್ಕೆ, ಧಾರವಾಡ ನೈಋತ್ಯಕ್ಕೆ, ಬೆಂಗಳೂರು ದಕ್ಷಿಣಕ್ಕೆ. 738 ಕೇಳಬೇಕಾದರೆ ರೇಡಿಯೊದ ಮುಖ ಸೂರ್ಯ ಹುಟ್ಟುವ ಕಡೆಗಿರಲಿ. ಬೀದರ್‌ನವರಿಗೆ ಒಂದು ಅನುಕೂಲ ಇದೆ: ಕಲಬುರಗಿ, ಧಾರವಾಡ ಎರಡೂ ಒಂದೇ ಗೆರೆಯಲ್ಲಿ ನೈಋತ್ಯಕ್ಕೆ ಬರುತ್ತವೆ, ಒಮ್ಮೆ ತಿರುಗಿಸಿಟ್ಟರೆ ಎರಡಕ್ಕೂ ಸಾಕು. ಯಾದಗಿರಿಯವರು 1107ಕ್ಕೆ ವಾಯವ್ಯದ ಕಡೆ ತಿರುಗಿಸಿ.

ಮಾಡಿ ನೋಡಿದರೆ ಇದು ಚೆನ್ನಾಗಿ ಗೊತ್ತಾಗುತ್ತದೆ. ರೇಡಿಯೊವನ್ನು ಟೇಬಲ್ಲಿನ ಮೇಲಿಟ್ಟು ನಿಧಾನ ತಿರುಗಿಸಿ. ಒಂದು ಕಡೆ ಮಾತು ತುಂಬಿ ಬರುತ್ತದೆ. ಕಾಲು ಸುತ್ತು ತಿರುಗಿಸಿದರೆ ಅದೇ ದನಿ ಪಾತಾಳಕ್ಕೆ ಇಳಿಯುತ್ತದೆ. ಕೆಲವು ಸೆಟ್ಟುಗಳು ಸಿಗ್ನಲ್ ಎಷ್ಟು, ಗದ್ದಲ ಎಷ್ಟು ಅಂತ ಪರದೆಯಲ್ಲೇ ಅಂಕಿ ತೋರಿಸುತ್ತವೆ. ಆಗ ಕಿವಿಗಿಂತ ಮುಂಚೆ ಕಣ್ಣಿಗೇ ತಿಳಿಯುತ್ತದೆ.

ರಾತ್ರಿ ಎಂಟರ ಮೇಲೆ ಮೀಡಿಯಂ ವೇವ್ ಬೇರೆಯೇ ಲೋಕ. ಹಗಲಿನಲ್ಲಿ ವಾತಾವರಣದ ಮೇಲಿನ ಒಂದು ಪದರ ಈ ಅಲೆಗಳನ್ನು ಹೀರಿಕೊಳ್ಳುತ್ತದೆ. ಹೊತ್ತು ಮುಳುಗಿದ ಮೇಲೆ ಆ ಪದರ ಇಲ್ಲವಾಗುತ್ತದೆ, ಅಲೆಗಳು ಇನ್ನೂ ಮೇಲಕ್ಕೆ ಹೋಗಿ ಪುಟಿದು ದೂರ ದೂರಕ್ಕೆ ಬೀಳುತ್ತವೆ. ಹಗಲು ಖಾಲಿಯಿದ್ದ ಜಾಗಗಳಲ್ಲಿ ತೆಲುಗು, ಮರಾಠಿ, ತಮಿಳು, ಹಿಂದಿ ಎಲ್ಲ ಕೇಳುತ್ತದೆ. ಒಂದರ ಮೇಲೊಂದು ಬಂದು ಗಜಿಬಿಜಿಯಾದರೆ ಬ್ಯಾಂಡ್‌ವಿಡ್ತ್ (ಸೆಟ್ಟು ಒಳಗೆ ಬಿಟ್ಟುಕೊಳ್ಳುವ ಪಟ್ಟಿಯ ಅಗಲ) ಬಟನ್ ಒತ್ತಿ 2 ಅಥವಾ 3 ಕಿಲೋಹರ್ಟ್ಸ್‌ಗೆ ಇಳಿಸಿ. ಹತ್ತಿರದ ಸ್ಟೇಷನ್ನಿಗೆ ಮತ್ತೆ 6ಕ್ಕೆ ಏರಿಸಿ, ಇಲ್ಲದಿದ್ದರೆ ಹಾಡು ಕಂಬಳಿ ಹೊದ್ದು ಹಾಡಿದ ಹಾಗಿರುತ್ತದೆ.

5. ಗೊರಗೊರದ ಬೇಟೆ

ನಮ್ಮ ಮುತ್ಯಾನ ಕಾಲದಲ್ಲಿ ರೇಡಿಯೊಗೆ ಲೈಸೆನ್ಸ್ ಬೇಕಿತ್ತು, ಅಂಚೆ ಕಚೇರಿಗೆ ಹೋಗಿ ವರ್ಷವರ್ಷ ಕಟ್ಟಬೇಕಿತ್ತು. ಆದರೆ ಆಗ ಮನೆಯಲ್ಲಿ ಗದ್ದಲ ಮಾಡುವ ಸಾಮಾನುಗಳೇ ಇರಲಿಲ್ಲ. ಈಗ ಲೈಸೆನ್ಸಿಲ್ಲ, ಗದ್ದಲ ಮನೆತುಂಬ ಇದೆ. ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರು, ಇನ್ವರ್ಟರು, ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರು, ಸೆಟ್‌ಟಾಪ್ ಬಾಕ್ಸಿನ ಅಡಾಪ್ಟರು. ಇವುಗಳ ಒಳಗೆ ಕರೆಂಟು ಒಂದು ಸೆಕೆಂಡಿಗೆ ಸಾವಿರಾರು ಸಲ ಹೊತ್ತಿ ಆರುತ್ತಿರುತ್ತದೆ. ಅದರ ಎಂಜಲು ಬಂದು ಬೀಳುವುದು ನೇರ ಮೀಡಿಯಂ ವೇವ್ ಮೇಲೆ.

ಕಳ್ಳನನ್ನು ಹಿಡಿಯುವ ಕ್ರಮ ಹೀಗೆ. ರೇಡಿಯೊವನ್ನು ಸೆಲ್ಲಿನ ಮೇಲೆ ನಡೆಸಿ, ಚಾರ್ಜರ್ ವೈರು ಕಿತ್ತಿಡಿ. ಸ್ಟೇಷನ್ನಿಲ್ಲದ ಒಂದು ಜಾಗಕ್ಕೆ ಹಚ್ಚಿ, ಸದ್ದು ಸ್ವಲ್ಪ ಏರಿಸಿ. ಮೀಟರ್ ಬೋರ್ಡಿನಲ್ಲಿ ಮೇನ್ ಸ್ವಿಚ್ ಆಫ್ ಮಾಡಿ, ಇನ್ವರ್ಟರನ್ನೂ ನಿಲ್ಲಿಸಿ. ಗೊರಗೊರ ನಿಂತರೆ ಕಳ್ಳ ಮನೆಯೊಳಗೇ ಇದ್ದಾನೆ. ಮನೆಯ ಸ್ವಿಚ್ಚುಗಳನ್ನೆಲ್ಲ ಆರಿಸಿ ಮೇನ್ ಹಾಕಿ, ಒಂದೊಂದೇ ಸ್ವಿಚ್ಚು ಹಾಕುತ್ತಾ ಬನ್ನಿ. ಯಾವುದಕ್ಕೆ ಬುರ್ರ್ ಅಂತ ಶುರುವಾಯಿತೋ ಅದೇ. ಆಮೇಲೆ ರೇಡಿಯೊ ಹಿಡಿದುಕೊಂಡು ಆ ಸಾಮಾನಿನ ಹತ್ತಿರ ಹೋಗಿ: ಒಂದು ಮೊಳ ದೂರದಲ್ಲಿ ಕಿವಿಗಡಚಿಕ್ಕುವ ಸದ್ದು, ನಾಲ್ಕು ಹೆಜ್ಜೆ ಹಿಂದೆ ಸರಿದರೆ ಅರ್ಧಕ್ಕರ್ಧ ಕಡಿಮೆ. ಬಹಳ ಸಲ ಅಪರಾಧಿ ಒಂದೇ ಒಂದು ಅಗ್ಗದ ಬಲ್ಬು. ಅದನ್ನು ಬದಲಿಸಿದರೆ ಮುಗಿಯಿತು. ಫ್ರಿಜ್ಜಿನಂಥದ್ದು ತಪ್ಪಿತಸ್ಥ ಅಂತಾದರೆ ರೇಡಿಯೊವನ್ನೇ ದೂರ ಸರಿಸಬೇಕು, ಅಲ್ವಾ?

ದೂರ ಸರಿಸಲು ಜಾಗವಿಲ್ಲ ಅಂದರೆ ಫೆರೈಟ್ ಕಡ್ಡಿಯ ಗುಣವನ್ನೇ ಬಳಸಿಕೊಳ್ಳಿ. ಸೆಟ್ಟಿನ ಪಕ್ಕೆಯನ್ನು ಗದ್ದಲದ ಕಡೆ ತಿರುಗಿಸಿ. ಸ್ಟೇಷನ್ನಿನ ಬಲ ಸ್ವಲ್ಪ ಕಡಿಮೆಯಾದರೂ ಗದ್ದಲ ಅದಕ್ಕಿಂತ ಜಾಸ್ತಿ ಇಳಿಯುತ್ತದೆ, ಮಾತು ಬಿಡಿಬಿಡಿಯಾಗಿ ತಿಳಿಯುತ್ತದೆ.

6. ಮನೆಯಲ್ಲಿ ಎಲ್ಲಿಡಬೇಕು

ಕಬ್ಬಿಣದ ಸರಳುಗಳಿರುವ ಆರ್‌ಸಿಸಿ ಮನೆಯ ಒಳಕೋಣೆ ಮೀಡಿಯಂ ವೇವ್‌ಗೆ ಆಗಿಬರುವುದಿಲ್ಲ. ಪತ್ರಾಸಿನ ಶೆಡ್ಡು ಇನ್ನೂ ಕೆಟ್ಟದ್ದು. ಶಹಾಬಾದ್ ಕಲ್ಲಿನ ಗೋಡೆ, ಫರಸಿ ಹಾಸಿನ ಹಳೆಯ ಮನೆಗಳಲ್ಲಿ ಕಬ್ಬಿಣ ಕಡಿಮೆ, ಅಲ್ಲಿ ಒಳಗೂ ಚೆನ್ನಾಗಿ ಕೇಳುತ್ತದೆ. ಯಾವ ಮನೆಯಾದರೂ ಕಿಟಕಿಯ ಹತ್ತಿರ ಇಡಿ, ಕಬ್ಬಿಣದ ಕಪಾಟಿನ ಮೇಲೆ ಬೇಡ. ಕಿಟಕಿ ಪಶ್ಚಿಮಕ್ಕಿದ್ದರೆ ಬೇಸಿಗೆಯಲ್ಲಿ ಮಧ್ಯಾಹ್ನದ ಮೇಲೆ ಅಲ್ಲಿಂದ ತೆಗೆಯಿರಿ, ಕಾರಣ ಮುಂದಿದೆ.

7. ಸೆಲ್ಲು, ಚಾರ್ಜು, ಬಿಸಿಲು

ಮೇ ತಿಂಗಳಲ್ಲಿ ನಮ್ಮ ಊರು 42 ಡಿಗ್ರಿ ದಾಟುತ್ತದೆ. ಲಿಥಿಯಂ ಬ್ಯಾಟರಿಯನ್ನು 45 ಡಿಗ್ರಿಗಿಂತ ಮೇಲೆ ಚಾರ್ಜ್ ಮಾಡಬಾರದು ಅಂತ ತಯಾರಕರೇ ಹೇಳುತ್ತಾರೆ. ಬಿಸಿಲು ಬಿದ್ದ ಕಿಟಕಿಯಲ್ಲೋ ನಿಲ್ಲಿಸಿದ ಕಾರಿನಲ್ಲೋ ಕಪ್ಪು ಸೆಟ್ಟು ಆ ಮಟ್ಟವನ್ನು ಸುಲಭವಾಗಿ ದಾಟುತ್ತದೆ. ಬೇಸಿಗೆಯಲ್ಲಿ ಚಾರ್ಜ್ ಮಾಡುವುದಿದ್ದರೆ ಬೆಳಗಿನ ಜಾವ ಮಾಡಿ. ಬ್ಯಾಟರಿ ಉಬ್ಬಿ ಮುಚ್ಚಳ ಕೂಡುತ್ತಿಲ್ಲ ಅಂದರೆ ಒತ್ತಿ ಕೂಡಿಸಬೇಡಿ, ಚುಚ್ಚಬೇಡಿ. ತೆಗೆದು ಹೊಸದು ಹಾಕಿ.

ಪೆನ್ಸಿಲ್ ಸೆಲ್ಲಿನ ಸೆಟ್ಟಾದರೆ ನಿಕಲ್ ಮೆಟಲ್ ಹೈಡ್ರೈಡ್ ರೀಚಾರ್ಜ್ ಸೆಲ್ಲುಗಳು ಒಳ್ಳೆಯವು. ಒಂದೊಂದು 1.2 ವೋಲ್ಟ್, ಸಾಮಾನ್ಯ ಸೆಲ್ಲು 1.5. ಕೆಲವು ರೇಡಿಯೊಗಳಲ್ಲಿ ಒಳಗೇ ಚಾರ್ಜ್ ಮಾಡುವ ಸೌಲಭ್ಯ ಇದೆ. ಸಾಮಾನ್ಯ ಸೆಲ್ಲು ಹಾಕಿ ಅದನ್ನು ಚಾಲೂ ಮಾಡಿದರೆ ಸೆಲ್ಲು ಸೋರುತ್ತದೆ, ಒಡೆಯಲೂಬಹುದು. ತಿಂಗಳುಗಟ್ಟಲೆ ಬಳಸುವುದಿಲ್ಲ ಅಂದರೆ ಸೆಲ್ಲು ತೆಗೆದಿಡಿ.

8. ಹಿರಿಯರ ಕೈಗೆ ಕೊಡುವುದಾದರೆ

ಇಷ್ಟೊಂದು ಬಟನ್ನು ನೋಡಿ ಆಯಿ ಸೆಟ್ಟನ್ನು ಮುಟ್ಟುವುದೇ ಇಲ್ಲ. ಅವರು ಕೇಳುವ ಸ್ಟೇಷನ್ನನ್ನು ಮೆಮೊರಿ ಒಂದರಲ್ಲಿ ಕೂಡಿಸಿ. ಆ ಬಟನ್ನಿನ ಮೇಲೆ ದೊಡ್ಡದೊಂದು ಕೆಂಪು ಟಿಕಳಿ ಅಂಟಿಸಿ, ಆನ್ ಬಟನ್ನಿಗೆ ಹಸಿರು ಟಿಕಳಿ. ಕಣ್ಣು ಮಂಜಾದವರಿಗೂ ಬೆರಳಿಗೆ ಸಿಗುತ್ತದೆ. ಟಿಕಳಿ ಬೆವರಿಗೆ ಜಾರುತ್ತದೆ, ಆಗಾಗ ಹೊಸದು ಹಚ್ಚಬೇಕು; ಅದೇನು ಮನೆಯಲ್ಲಿ ಕಡಿಮೆಯಿಲ್ಲ. ಧ್ವನಿಯ ಗುಂಡಿ ತಿರುಗಿಸುವಂಥದ್ದೇ ಇರಲಿ. ಸ್ಲೀಪ್ ಟೈಮರನ್ನು ಒಂದು ಗಂಟೆಗೆ ಇಟ್ಟರೆ ಅವರು ನಿದ್ದೆ ಹೋದರೂ ಸೆಲ್ಲು ಉಳಿಯುತ್ತದೆ. ಎಟಿಎಸ್ ಬಟನ್ನಿನ ಮೇಲೆ ಮಾತ್ರ ಸುಮ್ನೆ ಒಂದು ತುಂಡು ಟೇಪು ಹಚ್ಚಿಬಿಡಿ.

9. ತಂತಿ ಮತ್ತು ಸಿಡಿಲು

ಶಾರ್ಟ್ ವೇವ್ ಹುಚ್ಚಿರುವವರು ಐದಾರು ಮೀಟರ್ ತೆಳು ವೈರನ್ನು ಕ್ಲಿಪ್ಪಿನಿಂದ ಆಂಟೆನಾಗೆ ಸಿಕ್ಕಿಸಿ ಕಿಟಕಿಯಿಂದ ಹೊರಗೆ ಬಿಟ್ಟರೆ ಸಾಕು. ವಿದ್ಯುತ್ ತಂತಿಯಿಂದ ದೂರವಿರಲಿ. ಏಪ್ರಿಲ್, ಮೇ ಸಂಜೆಗಳಲ್ಲಿ ನಮ್ಮ ಭಾಗದಲ್ಲಿ ಸಿಡಿಲಿಗೆ ಪ್ರತಿವರ್ಷ ಜನ, ದನ ಸಾಯುವುದು ಗೊತ್ತೇ ಇದೆ. ಮೀಡಿಯಂ ವೇವ್‌ನಲ್ಲಿ ಚಟ್ ಚಟ್ ಅಂತ ಸದ್ದು ಶುರುವಾದರೆ ಎಲ್ಲೋ ಮಿಂಚು ಹೊಡೆಯುತ್ತಿದೆ ಅಂತ ಅರ್ಥ. ಮೋಡ ಕಟ್ಟುವ ಮುಂಚೆಯೇ ವೈರು ಬಿಚ್ಚಿ ಹೊರಗೆ ಹಾಕಿ, ಚಾರ್ಜರನ್ನೂ ಗೋಡೆಯಿಂದ ಕೀಳಿ. ಗುಡುಗು ಕೇಳಿದ ಮೇಲೆ ಆ ವೈರು ಮುಟ್ಟಬೇಡಿ. ಸೆಲ್ಲಿನ ಮೇಲೆ ಮನೆಯೊಳಗೆ ಕೇಳುವುದಕ್ಕೆ ಭಯವಿಲ್ಲ.

10. ರಿಪೇರಿಗೆ ಒಯ್ಯುವ ಮುಂಚೆ

ಬಟನ್ ಒತ್ತಿದರೂ ಏನೂ ಆಗುತ್ತಿಲ್ಲವೇ? ಲಾಕ್ ಬಿದ್ದಿರುತ್ತದೆ, ಪರದೆಯಲ್ಲಿ ಚಿಕ್ಕ ಬೀಗದ ಚಿತ್ರ ಹುಡುಕಿ. ಅಂಕಿ ಓಡುತ್ತಿದೆ ಆದರೆ ಸದ್ದಿಲ್ಲವೇ? ಇಯರ್‌ಫೋನ್ ತೂತಿಗೆ ಪಿನ್ನು ನಾಲ್ಕಾರು ಸಲ ಹಾಕಿ ತೆಗೆಯಿರಿ, ಒಳಗಿನ ಪಟ್ಟಿ ಧೂಳಿಗೆ ಸಿಕ್ಕಿಕೊಂಡಿರುತ್ತದೆ. ಹತ್ತಿರದ್ದು ಕೇಳುತ್ತದೆ, ದೂರದ್ದಿಲ್ಲವೇ? ಪಕ್ಕದಲ್ಲಿ ‘ಲೋಕಲ್-ಡಿಎಕ್ಸ್’ ಸ್ವಿಚ್ಚಿದ್ದರೆ ಅದನ್ನು ಡಿಎಕ್ಸ್ ಕಡೆ ತಳ್ಳಿ. ಪರದೆಯೇ ಸಿಕ್ಕಿಹಾಕಿಕೊಂಡಿದ್ದರೆ ರೀಸೆಟ್ ತೂತಿನಲ್ಲಿ ಟಾಚಣಿ ತುದಿಯಿಂದ ಮೆಲ್ಲಗೆ ಒತ್ತಿ. ಗಡಿಯಾರ ಮತ್ತೆ ಹೊಂದಿಸಬೇಕಾಗುತ್ತದೆ, ಹೆಜ್ಜೆ 9ರಲ್ಲೇ ಉಳಿದಿದೆಯೇ ಅಂತಲೂ ನೋಡಿಕೊಳ್ಳಿ. ಧ್ವನಿಯ ಗುಂಡಿ ತಿರುಗಿಸಿದಾಗ ಕರಕರ ಅಂದರೆ ಸೆಟ್ಟು ಆಫ್ ಮಾಡಿ ಗುಂಡಿಯನ್ನು ಕೊನೆಯಿಂದ ಕೊನೆಗೆ ಇಪ್ಪತ್ತು ಸಲ ತಿರುಗಿಸಿ. ಆಂಟೆನಾ ಮಡಚುವಾಗ ತುದಿ ಹಿಡಿದು ಒತ್ತಬೇಡಿ, ಬುಡದ ದಪ್ಪ ತುಂಡಿನಿಂದ ಒಂದೊಂದೇ ಇಳಿಸಿ. ಇಷ್ಟಾದರೂ ಸರಿಹೋಗದಿದ್ದರೆ ಅಂಗಡಿಗೆ ಒಯ್ಯಿರಿ, ಚಾರ್ಜ್ ಆದ ಸೆಲ್ಲನ್ನೂ ಪುಸ್ತಕವನ್ನೂ ಜೊತೆಗಿಟ್ಟುಕೊಳ್ಳಿ.